ದಸರಾ ದೀಪಾವಳಿ ನಡುವೆ ಮನಿಗೆ ಬಂದ ಕುಂಬಳಕಾಯಿನ ಚೂರೂ ಚೆಲ್ಲದಂಗ ಬಳಸೋದು ಹೆಂಗ

ಮಹಾನವಮಿ ಅಮಾಸಿ ಮುಗೀತಂದ್ರ ನಮ್ಮ ಕೊಪ್ಪಳ ಕಡಿ ಯಾರ ಮನಿಗೆ ಹೋದ್ರೂ ಬಾಗಿಲ ಹಿಂದ ಇಲ್ಲಾ ಕಾಟಿನ ಕೆಳಗ ಒಂದು ಕುಂಬಳಕಾಯಿ ಕುಂತಿರ್ತೈತಿ ನೋಡ್ರಿ. ಮುಂಗಾರಿನಾಗ ಮೆಕ್ಕೆಜೋಳದ ಹೊಲದ ಬದುವಿಗೋ ತಿಪ್ಪಿ ಬಾಜೂಕೋ ಎರಡು ಬೀಜ ಊರಿದ್ರ ಸಾಕು, ಮೂರರಿಂದ ನಾಕು ತಿಂಗಳಿಗೆ ಕಾಯಿ ಬಲೀತಾವ, ಬರೋಬ್ಬರಿ ಹಬ್ಬದ ಟೈಮಿಗೆ, ಆಮ್ಯಾಲೆ ಬೆಳದವ್ರು ತಾವೊಬ್ರ ತಿನ್ನಾಕ ಆಗೂದಿಲ್ಲ ಅಂತ ಬೀಗರಿಗೆ, ಬಾಜೂ ಮನಿಯವ್ರಿಗೆ, ಪ್ಯಾಟಿಯಾಗಿರೋ ಮಗಳಿಗೆ ಒಂದೊಂದು ಕೊಟ್ಟು ಕಳಸ್ತಾರ. ಕೊಡೋರು ಖುಷಿಲೆ ಕೊಡ್ತಾರ್ರಿ, ತಗೊಂಡವ್ರಿಗೆ ಫಜೀತಿ. ಮನಿಯಾಗ ಇರೋರು ಮೂರೋ ನಾಕೋ ಮಂದಿ, ಕಾಯಿ ಐದು ಕೇಜಿ. ಒಂದಿನ ಹೆಚ್ಚಿ ಪಲ್ಯಾ ಮಾಡ್ತಾರ, ಉಳದದ್ದು ಫ್ರಿಜ್ಜಿನಾಗ ಮೆತ್ತಗಾಗಿ ಲೋಳಿ ಬಿಟ್ಟು ಕಡಿಗೆ ಕಸದ ಗಾಡಿಗೆ ಹೋಗ್ತೈತಿ.

ನಂದೇನಪಾ ಅಂದ್ರ, ಕುಂಬಳಕಾಯಿ ಹಾಳಾಗೋದು ಹೆಚ್ಚಿದ ಮ್ಯಾಲೆ, ಅದಕ್ಕ ಮುಂದಿನ ನಾಕು ದಿನ ಏನೇನು ಮಾಡ್ತೀವಿ ಅಂತ ಫಿಕ್ಸ್ ಮಾಡ್ಕೊಂಡ ಮ್ಯಾಲೇನ ಅದಕ್ಕ ಚಾಕು ಹಾಕಬೇಕು. ಹೆಚ್ಚದ ಇದ್ರ ಅದು ಗಟ್ಟಿ ಜೀವ, ತಿಂಗಳಾನುಗಟ್ಟಲೆ ಕುಂದ್ರತೈತಿ.

ಮೊದ್ಲ ಆರಸೋದು ಮತ್ತ ಇಡೋದು

ಸಂತ್ಯಾಗ ಇಡೀ ಕಾಯಿ ತಗೊಳ್ಳೋದಾದ್ರ ತೊಟ್ಟು ನೋಡ್ರಿ. ತೊಟ್ಟು ಒಣಗಿ ಕಟಗಿ ಆಗಿರ್ಬೇಕು, ಹಸರಿದ್ರ ಎಳೀದನ್ನ ಹರಕೊಂಡ್ ಬಂದಾರ ಅಂತ ತಿಳ್ಕೋರಿ. ಉಗರು ಒತ್ತಿದ್ರ ಒಳಗ ಇಳೀಬಾರ್ದು. ನೆಲಕ್ಕ ತಾಗಿದ ಜಾಗ ಬೆಳ್ಳಗಿದ್ರ ಇನ್ನೂ ಬಲಿತಿಲ್ಲ, ಹಳದಿ ತಿರುಗಿರ್ಬೇಕು. ಬೆರಳಲೆ ಬಡದ್ರ ಡಬ್ ಡಬ್ ಅನ್ಬೇಕು, ಮತ್ತ ಗಾತ್ರಕ್ಕಿಂತ ತೂಕ ಜಾಸ್ತಿ ಅನಸ್ಬೇಕು. ಹೋಳು ತಗೊಳ್ಳೋರಾದ್ರ ಇದ್ಯಾವ್ದೂ ಬ್ಯಾಡ, ಒಳಗಿನ ಬಣ್ಣ ಅಚ್ಚ ಕೇಸರಿ ಐತೇನು, ಬೀಜ ದಪ್ಪ ಅದಾವೇನು ನೋಡಿದ್ರ ಮುಗೀತು.

ಮನಿಗೆ ತಂದ ಕಾಯಿನ ತೊಳೀಬ್ಯಾಡ್ರಿ, ಒಣಾ ಅರಿವಿಲೆ ಒರಸ್ರಿ ಅಷ್ಟ. ಹೊಲದಿಂದ ಹಸೀದ ಬಂದಿದ್ರ ಹತ್ತು ದಿನ ಬೆಚ್ಚಗ ಗಾಳಿ ಆಡೋ ಕಡೆ ಇಟ್ರ ಸಿಪ್ಪಿ ಗಟ್ಟಿ ಆಗ್ತೈತಿ, ಕುಯ್ಯುವಾಗ ಆದ ಸಣ್ಣ ಗೀರು ಮುಚ್ಚಿಕೊಂತಾವ, ಒಳಗ ಸಿಹಿನೂ ಕೂಡ್ತೈತಿ. ತೊಟ್ಟು ಹಿಡಕೊಂಡು ಎತ್ತಬ್ಯಾಡ್ರಿ, ತೊಟ್ಟು ಕಿತ್ತು ಬಂದ್ರ ಅಲ್ಲಿಂದಾನ ಕೊಳಿಯಾಕ ಸುರು. ತೊಟ್ಟು ಮುರದದ್ದು, ಪೆಟ್ಟು ಬಿದ್ದದ್ದು ಇದ್ರ ಅದನ್ನ ಮೊದ್ಲ ಬಳಸ್ರಿ. 10ರಿಂದ 15 ಡಿಗ್ರಿಯಾಗ ಇಡಬೇಕು ಅಂತಾರ, ಅದು ನಮ್ಮ ರಾಯಚೂರು ಬಳ್ಳಾರಿಯಾಗ ಚಳಿಗಾಲದ ನಸುಕಿನ್ಯಾಗ ಬಿಟ್ರ ಎಲ್ಲಿ ಸಿಗ್ಬೇಕ್ರಿ, ಮನಿಯಾಗ ಯಾವ ಕೋಣಿ ತಂಪೈತಿ ಅಲ್ಲಿ ಬರೇ ಫರ್ಸಿ ಮ್ಯಾಲೆ ಇಡದ ಕೆಳಗ ಗೋಣಿಚೀಲ ಇಲ್ಲಾ ಹುಲ್ಲು ಹಾಕಿ ಇಡ್ರಿ, ವಾರಕ್ಕೊಮ್ಮೆ ಮಗ್ಗಲಾ ತಿರುಗಿಸಿ ತಳಾ ನೋಡ್ರಿ. ಹಳೀ ಮಾಳಿಗಿ ಮನಿಗಳಾಗ ಜಂತಿಗೆ ನೆಲುವು ಕಟ್ಟಿ ಅದರಾಗ ಕುಂಬಳಕಾಯಿ ಇಳಿಬಿಡ್ತಿದ್ರಲ್ಲ, ಸುತ್ತಕಡೆ ಗಾಳಿ, ತಳಕ್ಕ ಯಾವ್ದೂ ಒತ್ತೂದಿಲ್ಲ, ಇಲಿಗೂ ಸಿಗೂದಿಲ್ಲ, ಅದಕ್ಕಿಂತ ಚೊಲೋ ಐಡಿಯಾ ಈಗಿನ ಯಾವ ಕಿಚನ್ ರ್‍ಯಾಕಿನಾಗೂ ಇಲ್ಲ. ಆರ್‌ಸಿಸಿ ಮನಿಯವ್ರು ಬಾಲ್ಕನಿ ನೆರಳಾಗ ನೈಲಾನ್ ಜಾಳಿಗಿ ಚೀಲದಾಗ ಹಾಕಿ ತೂಗಬಿಟ್ರೂ ನಡೀತೈತಿ, ಹುಕ್ಕು ಮಾತ್ರ ಗಟ್ಟಿ ಇರ್ಲಿ.

ಹೆಚ್ಚೋ ದಿನ

ದೊಡ್ಡ ಕಾಯಿ ಸಿಪ್ಪಿ ಕಲ್ಲಿದ್ದಂಗ ಇರ್ತೈತಿ, ಚಾಕು ಜಾರಿ ಕೈ ಕುಯ್ಕೊಳ್ಳೋದು ಇಲ್ಲೇ. ಕೆಳಗ ಹಸಿ ಅರಿವಿ ಹಾಸಿ ಕಾಯಿ ಅಳ್ಳಾಡದಂಗ ಕುಂದ್ರಸ್ರಿ, ತೊಟ್ಟಿನ ಮ್ಯಾಲೆ ಚಾಕು ಇಡಬ್ಯಾಡ್ರಿ, ತೊಟ್ಟಿನ ಬಾಜೂಕ್ಕ ತುದಿ ಚುಚ್ಚಿ ಗೆರಿ ಹಿಡಿದು ಕೆಳಗ ಎಳೀರಿ. ಈಳಗಿ ರೂಢಿ ಇದ್ದವ್ರಿಗೆ ಇದೇನು ಹೇಳಬೇಕಾಗಿಲ್ಲ. ಸಿಪ್ಪಿ ತಗಿಯೋದು ಕಷ್ಟ ಅನಸಿದ್ರ ದೊಡ್ಡ ಹೋಳು ಮಾಡಿ ಇಡ್ಲಿ ಪಾತ್ರ್ಯಾಗ ಸಿಪ್ಪಿ ಸಮೇತ ಉಗಿಯಾಗ ಬೇಯಸ್ರಿ, ಆಮ್ಯಾಲೆ ಚಮಚಾದ್ಲೆ ತಿರುಳು ಬಿಡಸ್ಕೊಂಡ್ರಾತು.

ಹೆಚ್ಚಿದ ಕೂಡ್ಲೆ ಒಂದು ಚೂರು ಹಸೀದ ನಾಲಿಗಿ ಮ್ಯಾಲೆ ಇಟ್ಟು ನೋಡ್ರಿ. ಕಹಿ ಅನಸಿದ್ರ ಇಡೀ ಕಾಯಿ ಬಿಸಾಕ್ರಿ, ಬೆಲ್ಲ ಹಾಕಿದ್ರ ಹೋಗ್ತೈತಿ ಅಂತ ಜಿಪುಣತನ ಮಾಡಬ್ಯಾಡ್ರಿ. ಕುಂಬಳ, ಸೋರಿ, ಸೌತಿ ಜಾತಿಯಾಗ ಒಮ್ಮೊಮ್ಮೆ ಕುಕುರ್ಬಿಟಾಸಿನ್ ಅನ್ನೋ ಕಹಿ ಅಂಶ ಜಾಸ್ತಿ ಆಗ್ತೈತಿ, ಬೇಯಿಸಿದ್ರೂ ಹೋಗೂದಿಲ್ಲ, ವಾಂತಿ ಭೇದಿ ಹಿಡ್ಕೊಂಡು ದವಾಖಾನಿ ಸೇರಬೇಕಾಗ್ತೈತಿ.

ಕಹಿ ಇಲ್ಲಾಂದ್ರ ಮೊದ್ಲು ಬೀಜ ಮತ್ತ ನಡುವಿನ ನಾರು ತಗೀರಿ, ಕೊಳಿಯೋದು ಅಲ್ಲಿಂದಾನ. ಆಮ್ಯಾಲೆ ಭಾಗ ಮಾಡ್ರಿ. ಅವತ್ತಿನ ಪಲ್ಯಾಕ್ಕ ಒಂದು ಹೋಳು, ಗಾರಿಗಿಗೆ (ಬೆಲ್ಲ ಹಾಕಿ ತಟ್ಟಿ ಕರಿಯೋ ಸಿಹಿ) ಒಂದು ಹೋಳು ತುರಿದಿಡೋದು, ಓಣ್ಯಾಗ ಇಬ್ರಿಗೆ ಒಂದೊಂದು ಹೋಳು, ಉಳದದ್ದನ್ನ ಬೇಯಿಸಿ ಹಿಸುಕಿ ಸಣ್ಣ ಸಣ್ಣ ಡಬ್ಬಿಯಾಗ ಹಾಕಿ ಫ್ರೀಜರಿಗೆ. ಹಸಿ ಹೋಳು ಫ್ರಿಜ್ಜಿನಾಗ ನಾಕು ದಿನದ ಮ್ಯಾಲೆ ನಂಬಬ್ಯಾಡ್ರಿ, ಬೇಯಿಸಿ ಫ್ರೀಜ್ ಮಾಡಿದ್ದು ಎರಡು ತಿಂಗಳು ಆರಾಮ ಇರ್ತೈತಿ. ಆ ಹಿಸುಕಿದ್ದನ್ನ ದ್ವಾಸಿ ಹಿಟ್ಟಿಗೆ ಒಂದು ಸೌಟು ಕಲಸ್ರಿ, ಚಪಾತಿ ಹಿಟ್ಟಿಗೆ ನೀರಿನ ಬದ್ಲಿ ಹಾಕ್ರಿ, ಸಣ್ಣ ಮಕ್ಕಳಿಗೆ ತುಪ್ಪ ಹಾಕಿ ತಿನಸ್ರಿ. ಅದರ ಕೇಸರಿ ಬಣ್ಣ ಬೀಟಾ ಕ್ಯಾರೋಟಿನ್ನಿಂದು, ಮೈಯಾಗ ವಿಟಮಿನ್ ಎ ಆಗೋದು ಅದಾ, ಜೊತಿಗೆ ಚೂರು ಎಣ್ಣಿ ತುಪ್ಪ ಇದ್ರನ ಅದು ಮೈಗೆ ಹತ್ತೋದು, ಅದಕ್ಕ ಬರೇ ನೀರಾಗ ಬೇಯಿಸಿ ತಿನ್ನೋ ಡಯಟ್ಟು ನನಗ ಅಷ್ಟು ಸೇರೂದಿಲ್ಲ.

ಗಾರಿಗಿ, ಇದನ್ನ ಮಾಡದ ಇದ್ರ ಕಾಯಿ ತಂದು ಏನು ಉಪಯೋಗ

ನಮ್ಮ ಕಡಿ ಕುಂಬಳಕಾಯಿ ಅಂದ್ರ ಗಾರಿಗಿ. ಬ್ಯಾರೆ ಏನ ಮಾಡಿದ್ರೂ ಅದು ಎರಡನೇ ಮಾತು. ಎರಡು ವಾಟಿ ತುರಿದ ಕುಂಬಳಕಾಯಿ, ಒಂದು ವಾಟಿ ಬೆಲ್ಲ (ಕಾಯಿ ಸಪ್ಪಗಿದ್ರ ಇನ್ನ ಸ್ವಲ್ಪ), ಸುಮಾರು ಎರಡು ವಾಟಿ ಗೋಧಿಹಿಟ್ಟು, ಎರಡು ಚಮಚ ಸಣ್ಣ ರವಾ, ಯಾಲಕ್ಕಿ, ಒಂದು ಚಿಟಿಕಿ ಉಪ್ಪು, ಮ್ಯಾಲೆ ಒತ್ತಾಕ ಬಿಳಿ ಎಳ್ಳು ಇಲ್ಲಾ ಗಸಗಸಿ. ಹಿಟ್ಟಿನ ಲೆಕ್ಕ ಸುಮಾರು ಅಂದೆ ನೋಡ್ರಿ, ಯಾಕಂದ್ರ ಒಂದೊಂದು ಕಾಯಿ ಒಂದೊಂದು ನಮೂನಿ ನೀರು ಬಿಡ್ತೈತಿ, ವಾಟಿ ಹಿಡಕೊಂಡು ಅಳದು ಕಲಸಿದ್ರ ಕೈ ಕೊಡ್ತೈತಿ.

ದಪ್ಪ ತಳದ ಬೋಗಾಣ್ಯಾಗ ಒಂದು ಚಮಚ ತುಪ್ಪ ಹಾಕಿ ತುರಿ ಹಾಕ್ರಿ, ನೀರು ಒಂದು ಹನಿನೂ ಬ್ಯಾಡ, ಮುಚ್ಚಿ ಸಣ್ಣ ಉರಿಯಾಗ ಇಟ್ರ ತನ್ನ ನೀರಾಗ ತಾನ ಬೇಯ್ತೈತಿ. ಬೆಂದು ಮೆತ್ತಗಾದ ಮ್ಯಾಲೆ ಬೆಲ್ಲ ಹಾಕ್ರಿ, ಹಾಕಿದ ಕೂಡ್ಲೆ ಮತ್ತ ನೀರು ನೀರಾಗ್ತೈತಿ, ಹೆದರಬ್ಯಾಡ್ರಿ, ಕೈಯಾಡಸ್ಕೊಂತ ಇರ್ರಿ, ಸೌಟಿಲೆ ತಳಾ ಗೀರಿದ್ರ ಬೋಗಾಣಿ ತಳ ಒಂದು ಕ್ಷಣ ಕಂಡು ಮತ್ತ ಮುಚ್ಚಿಕೊಂತೈತಲ್ಲ, ಅಷ್ಟು ಗಟ್ಟಿ ಆದ್ರ ಇಳಸ್ರಿ. ಅದಕ್ಕಿಂತ ಜಾಸ್ತಿ ಕುದಿಸಿದ್ರ ಪಾಕ ಏರಿ ಗಾರಿಗಿ ಬಿರುಸಾಗ್ತಾವ. ಉಗುರು ಬೆಚ್ಚಗ ಆದ ಮ್ಯಾಲೆ ರವಾ, ಯಾಲಕ್ಕಿ, ಉಪ್ಪು ಹಾಕಿ ಹಿಟ್ಟು ಸ್ವಲ್ಪ ಸ್ವಲ್ಪ ಉದುರಿಸ್ಕೊಂತ ಕಲಸ್ರಿ. ಕಣಕ ಪೂರಿ ಹಿಟ್ಟಿಗಿಂತ ಮೆತ್ತಗ, ಕೈಗೆ ಚೂರ ಚೂರ ಅಂಟೋ ಹಂಗ ಇರ್ಬೇಕು. ಅಂಟ್ತೈತಿ ಅಂತ ಹಿಟ್ಟು ಸುರಕೊಂತ ಹೋದ್ರ ಕಡಿಗೆ ಕುಂಬಳಕಾಯಿ ವಾಸನಿನೂ ಇರೂದಿಲ್ಲ, ಬರೇ ಸಿಹಿ ಪೂರಿ ಆಗ್ತೈತಿ. ಅರ್ಧ ತಾಸು ಮುಚ್ಚಿಡ್ರಿ, ರವಾ ನೆನದು ತಾನ ಹದಕ್ಕ ಬರ್ತೈತಿ.

ಆಮ್ಯಾಲೆ ಬಾಳಿ ಎಲಿಗೋ ಹಾಲಿನ ಪ್ಯಾಕೆಟ್ ಕತ್ತರಿಸಿದ ಹಾಳಿಗೋ ಎಣ್ಣಿ ಸವರಿ, ಲಿಂಬಿಹಣ್ಣಿನಷ್ಟು ಉಂಡಿ ಇಟ್ಟು ಬೆರಳಲೆ ತಟ್ರಿ, ಲಟ್ಟಣಿಗಿ ಮುಟ್ಟಬ್ಯಾಡ್ರಿ. ಅಂಚು ತೆಳ್ಳಗ ನಡು ದಪ್ಪ ಆದ್ರ ನಡು ಹಸೀದ ಉಳೀತೈತಿ, ಎಲ್ಲಾ ಕಡಿ ಒಂದ ಸಮ ಇರ್ಲಿ, ಪೂರಿಗಿಂತ ದಪ್ಪ. ಮ್ಯಾಲೆ ಎಳ್ಳು ಉದುರಿಸಿ ಅಂಗೈಲೆ ಒಮ್ಮೆ ಒತ್ರಿ, ಇಲ್ಲಾಂದ್ರ ಎಣ್ಣ್ಯಾಗ ಎಲ್ಲಾ ಬಿಟ್ಟುಹೋಗಿ ಕಪ್ಪಾಗಿ ಕುಂದ್ರತಾವ. ಎಣ್ಣಿ ಮಧ್ಯಮ ಕಾದಿರ್ಬೇಕು, ಬೆಲ್ಲ ಇರೋದ್ರಿಂದ ಉರಿ ಜೋರಾದ್ರ ಮ್ಯಾಲೆ ಕರಗ ಆಗಿ ಒಳಗ ಹಸಿ. ಒಂದು ಮಗ್ಗಲಾ ಉಬ್ಬಿದ ಮ್ಯಾಲೆ ತಿರುವ್ರಿ, ಕೆಂಪಗ ಆದ ಮ್ಯಾಲೆ ತಗದು ಜರಡ್ಯಾಗ ನಿಲ್ಲಸ್ರಿ, ಒಂದರ ಮ್ಯಾಲೊಂದು ಹೇರಬ್ಯಾಡ್ರಿ. ಬಿಸಿ ಬಿಸಿದಕ್ಕಿಂತ ಮರುದಿನದ್ದು ಇನ್ನೂ ರುಚಿ, ತುಪ್ಪ ಹಚ್ಚಿಕೊಂಡು ತಿನ್ನೋರು ಅದಾರ, ನಾನು ಶೇಂಗಾ ಚಟ್ನಿಪುಡಿ ಕೂಡ ತಿಂತೀನಿ, ನಗಬ್ಯಾಡ್ರಿ ಒಮ್ಮೆ ತಿಂದು ನೋಡ್ರಿ. ಎರಡು ಮೂರು ದಿನ ಹೊರಗ ಇರ್ತಾವ. ಸೀಗಿ ಹುಣ್ಣಿವಿಗೆ ಚರಗಾ ಚೆಲ್ಲಾಕ, ಅಂದ್ರ ಬೆಳಿಗೆ ಎಡಿ ಚೆಲ್ಲಿ ಪೂಜಾ ಮಾಡಾಕ, ಹೊಲಕ್ಕ ಹೋಗೋರಿಗೆ ಬುತ್ತಿ ಕಟ್ಟಾಕ ಇದಕ್ಕಿಂತ ಬ್ಯಾರೆ ಸಿಹಿ ಬೇಕಾಗಿಲ್ಲ, ಸೋರೂದಿಲ್ಲ, ಹಳಸೂದಿಲ್ಲ. ಶುಗರ್ ಇದ್ದವ್ರು ಒಂದು ತಿಂದು ಎದ್ದುಬಿಡ್ರಿ, ಬೆಲ್ಲದ್ದು ನಡೀತೈತಿ ಅಂತ ನಾಕು ಇಳಿಸಬ್ಯಾಡ್ರಿ, ಬೆಲ್ಲಾನೂ ಸಕ್ಕರಿನ.

ಖಾರದ್ದು, ಮತ್ತ ಸಿಪ್ಪಿ ಬೀಜ

ಪಲ್ಯಾ ಎಲ್ರೂ ಮಾಡ್ತಾರ, ಆದ್ರ ಗುರೆಳ್ಳು ಪುಡಿ ಹಾಕದ ಮಾಡಿದ್ರ ಅದು ಸಪ್ಪನ ಸಿಹಿ, ಗಂಡಸರು ತಾಟಿನ ಅಂಚಿಗೆ ಸರಿಸಿ ಏಳ್ತಾರ. ಸಾಸಿವಿ ಜೀರಗಿ ಕರಿಬೇವು ಬಳ್ಳೊಳ್ಳಿ ಒಗ್ಗರಣಿ, ದಪ್ಪ ಹೋಳು, ಹುಣಸಿ ರಸ, ಖಾರಪುಡಿ, ಚೂರು ಬೆಲ್ಲ, ಮುಕ್ಕಾಲು ಬೆಂದ ಮ್ಯಾಲೆ ಗುರೆಳ್ಳು ಪುಡಿ ಎರಡು ಚಮಚ, ಬೇಕಾದ್ರ ಶೇಂಗಾ ಪುಡಿ ಒಂದು ಚಮಚ. ಸಜ್ಜಿ ರೊಟ್ಟಿ ಕೂಡ ತಿನ್ರಿ.

ಸಿಪ್ಪಿ ಎಳೀದಿದ್ರ ಬಿಸಾಕಬ್ಯಾಡ್ರಿ. ಸಣ್ಣಗ ಹೆಚ್ಚಿ ಎಣ್ಣ್ಯಾಗ ಗರಿ ಆಗೋತನ ಹುರದು, ಹಸಿಮೆಣಸಿನಕಾಯಿ, ಹುಣಸಿ, ಹುರದ ಶೇಂಗಾ, ಬಳ್ಳೊಳ್ಳಿ, ಉಪ್ಪು ಹಾಕಿ ಕಲ್ಲಾಗ ತರಿ ತರಿ ಅರದ್ರ ರೊಟ್ಟಿಗೆ ಮಸ್ತ್ ಚಟ್ನಿ. ಬಲಿತ ಕಾಯಿ ಸಿಪ್ಪಿ ಎಷ್ಟು ಹುರದ್ರೂ ನಾರು ನಾರು, ಅದು ದನದ ಪಾಲು. ದನಕ್ಕ, ಆಡಿಗೆ ಹಾಕುವಾಗ ಸಣ್ಣ ಚೂರು ಮಾಡಿ ಹಾಕ್ರಿ, ದೊಡ್ಡ ಗಡ್ಡಿ ನುಂಗಿ ಗಂಟಲಾಗ ಸಿಕ್ಕೊಂಡ್ರ ಡಾಕ್ಟರ್ ಬರೋದ್ರೊಳಗ ಹೊಟ್ಟಿ ಉಬ್ಬಿ ಜೀವಕ್ಕ ಬರ್ತೈತಿ.

ಬೀಜ ಅಂಗಡ್ಯಾಗ ಪಂಪ್ಕಿನ್ ಸೀಡ್ಸ್ ಅಂತ ಸಣ್ಣ ಪ್ಯಾಕೆಟ್ಟಿಗೆ ನೂರಾರು ರೂಪಾಯಿ ಕೊಟ್ಟು ತರ್ತೀವಿ, ಮನಿಯಾಗ ಬಂದದ್ದನ್ನ ಕಸಕ್ಕ ಹಾಕ್ತೀವಿ. ನೀರಿನ್ಯಾಗ ತಿಕ್ಕಿ ಲೋಳಿ ನಾರು ಬಿಡಸ್ರಿ, ಎರಡು ದಿನ ಒಣಗಸ್ರಿ, ಉಪ್ಪಿನ ನೀರು ಚಿಮುಕಿಸಿ ಸಣ್ಣ ಉರಿಯಾಗ ಚಟ ಚಟ ಅನ್ನೋತನ ಹುರೀರಿ. ಬಿಳಿ ಸಿಪ್ಪಿ ಬಿಡಿಸಿ ತಿನ್ನೋದು ಟೈಂಪಾಸ್ ಕೆಲಸ, ಟಿವಿ ಮುಂದ ಕುಂತಾಗ ಮಾಡೋ ಅಂಥದ್ದು. ಸತು, ಮ್ಯಾಗ್ನೀಸಿಯಂ, ಪ್ರೋಟೀನು ಚೊಲೋ ಇರ್ತಾವ. ಸಿಪ್ಪಿ ಬಿಡಿಸಿದ ಬೀಜ ಅಗಸಿ, ಒಣಮೆಣಸಿನಕಾಯಿ, ಬಳ್ಳೊಳ್ಳಿ ಕೂಡ ಕುಟ್ಟಿ ಹಿಂಡಿ ಮಾಡಿಟ್ರ ತಿಂಗಳು ತಿನ್ನಬಹುದು.

ಹಿತ್ತಲದಾಗ ಬಳ್ಳಿ ಇನ್ನೂ ಹಸರಿದ್ರ ಹೂವಿನ ಬಜ್ಜಿ ಬಿಡಬ್ಯಾಡ್ರಿ. ಗಂಡು ಹೂವಷ್ಟ ಹರೀರಿ, ಅದರ ಕಾಲು ಸಣ್ಣಗ ಉದ್ದಕ್ಕ ಇರ್ತೈತಿ, ಹೆಣ್ಣು ಹೂವಿನ ಬುಡದಾಗ ಗೋಲಿಯಷ್ಟು ಕಾಯಿ ಕಾಣ್ತೈತಿ ಅದನ್ನ ಮುಟ್ಟಬ್ಯಾಡ್ರಿ. ಮುಂಜಾನಿ ಜೇನು ಬಂದು ಹೋದ ಮ್ಯಾಲೆ ಹರದ್ರ ಕಾಯಿ ಕಚ್ಚೋದಕ್ಕೂ ತೊಂದ್ರಿ ಇಲ್ಲ. ಒಳಗಿನ ಹಳದಿ ಕೇಸರ ಕಿತ್ತು, ಇರುವಿ ಹುಳ ಜಾಡಿಸಿ, ಕಡ್ಲಿಹಿಟ್ಟು, ಅಜಿವಾನ, ಖಾರ ಕಲಸಿದ್ದರಾಗ ಎದ್ದಿ ಕರೀರಿ. ಮಂಡಾಳ ಒಗ್ಗರಣಿ ಕೂಡ ದಿನಾ ಮಿರ್ಚಿನೇ ಯಾಕ, ಒಂದಿನ ಇದಿರ್ಲಿ.

ಬೂದಗುಂಬಳದ ಮಾತು ಬ್ಯಾರೆ

ಸಿಹಿಗುಂಬಳ ಮೂಲಕ್ಕ ಅಮೆರಿಕಾ ಖಂಡದಿಂದ ಬಂದದ್ದು, ಬೂದಗುಂಬಳ ನಮ್ಮ ಏಷ್ಯಾದ್ದ, ಎರಡೂ ಬ್ಯಾರೆ ಬ್ಯಾರೆ ಜಾತಿ. ಆಯುಧ ಪೂಜಾಕ್ಕ ಒಡಿಯೋದು ಬೂದಗುಂಬಳ. ಈಗ ಇಲ್ಲಿ ಸ್ವಲ್ಪ ಸಿಟ್ಟಿಲೆ ಹೇಳ್ತೀನಿ, ಗಾಡಿ ಮುಂದ ಇಳಿ ತಗದು ನಡು ರೋಡಿನಾಗ ಒಡದು ಹಂಗ ಬಿಟ್ಟು ಹೋಗ್ತಾರಲ್ಲ, ಆ ತಿರುಳಿನ ಮ್ಯಾಲೆ ಬೈಕಿನ ಗಾಲಿ ಹತ್ತಿದ್ರ ಜಾರಿ ಬೀಳೋದು ಗ್ಯಾರಂಟಿ, ಮ್ಯಾಲಿಂದ ಒಳಗಿನ ಚಿಲ್ಲರಿ ರೊಕ್ಕ ಆರಸಾಕ ಹುಡುಗ್ರು ಗಾಡಿ ನಡುವ ಓಡ್ತಾವ. ಒಂದು ಗೋಣಿಚೀಲ ಹಾಸಿ ಅದರ ಮ್ಯಾಲೆ ಒಡೀರಿ, ಪೂಜಾ ಮುಗದ ಮ್ಯಾಲೆ ಚೀಲ ಸುತ್ತಿ ತಿಪ್ಪಿಗೋ ಗಿಡದ ಬುಡಕ್ಕೋ ಹಾಕ್ರಿ. ಕುಂಕುಮ ತುಂಬಿದ್ದನ್ನ ಅಡಗಿಗೂ ದನಕ್ಕೂ ಹಾಕಬ್ಯಾಡ್ರಿ, ಪ್ಯಾಟಿ ಕುಂಕುಮದಾಗ ಯಾವ ಬಣ್ಣ ಬೆರಸಿರ್ತಾರೋ ಯಾರಿಗ್ಗೊತ್ತು. ಅಂಗಡಿ ಬಾಗಿಲಿಗೆ ಕಟ್ಟಿದ್ದು ಮೆತ್ತಗಾಗಿ ಹನಿಯಾಕ ಹತ್ತಿದ್ರ ಅಮಾಸಿ ಬರ್ಲಿ ಅಂತ ಕಾಯದ ಇಳಿಸಿಬಿಡ್ರಿ, ಗಿರಾಕಿ ತಲಿ ಮ್ಯಾಲೆ ಬಿದ್ದೀತು.

ಅಡಗಿಗೆ ಅಂತ ಇನ್ನೊಂದು ತಂದಿದ್ರ ಅದರ ಮ್ಯಾಲಿನ ಬೂದಿ ಒರಸಬ್ಯಾಡ್ರಿ, ಅದು ಮೇಣದಂಥ ಪದರ, ಅದು ಇದ್ರನ ಕಾಯಿ ತಿಂಗಳಾನುಗಟ್ಟಲೆ ಬಾಳೋದು. ಮಳಿ ನಿಂತು ಬಿಸಿಲು ಚುರುಕಾದ ಮ್ಯಾಲೆ ಸಂಡಿಗಿ ಹಾಕ್ರಿ, ಬಳ್ಳಾರಿ ರಾಯಚೂರು ಬಿಸಿಲಿಗೆ ಎಲ್ರೂ ಬೈತಾರ, ಸಂಡಿಗಿ ಹಾಕೋ ಹೆಣ್ಮಕ್ಕಳು ಮಾತ್ರ ಬೈಯೂದಿಲ್ಲ. ಕಾಲು ಕೇಜಿ ಉದ್ದಿನಬ್ಯಾಳಿ ನಾಕು ತಾಸು ನೆನಸಿ, ಹಸಿಮೆಣಸಿನಕಾಯಿ ಜೀರಗಿ ಇಂಗು ಕೂಡ ನೀರು ಹಾಕದಂಗ ಗಟ್ಟಿ ರುಬ್ರಿ. ಅರ್ಧ ಕೇಜಿಯಷ್ಟು ಬೂದಗುಂಬಳ ಸಣ್ಣಗ ಹೆಚ್ಚಿ ಉಪ್ಪು ಹಚ್ಚಿ ಹಿಂಡಿ ನೀರು ತಗದು ಕಲಸ್ರಿ, ಆ ನೀರು ಮಜ್ಜಿಗಿಗೆ ಹಾಕಿ ಕುಡೀರಿ. ಸಣ್ಣ ಸಣ್ಣ ಮುದ್ದಿ ಪ್ಲಾಸ್ಟಿಕ್ ಹಾಳಿ ಮ್ಯಾಲೆ ಇಟ್ಟು ಮೂರು ನಾಕು ದಿನ ಒಣಗಸ್ರಿ, ಎರಡನೇ ದಿನ ತಿರುವಿ ಹಾಕಬೇಕು. ಮುರದ್ರ ಟಕ್ ಅನ್ಬೇಕು, ಬಗ್ಗಿದ್ರ ಇನ್ನೊಂದು ಬಿಸಿಲು ಬೇಕು. ಮೋಡ ಮುಸುಕೋ ಹಂಗಿದ್ರ ಹಿಟ್ಟು ರುಬ್ಬಾಕ ಹೋಗಬ್ಯಾಡ್ರಿ.

ಹುಡುಗ್ರು ಕೆತ್ತೀನಿ ಅಂದ್ರ

ರೀಲ್ಸ್ ನೋಡಿ ನೋಡಿ ಈಗ ನಮ್ಮ ಹುಡುಗ್ರಿಗೂ ಹಲ್ಲು ಕಿಸಿಯೋ ಕುಂಬಳಕಾಯಿ ಬೇಕು. ಅದು ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ್ದು, ಐರ್ಲೆಂಡಿನ ಮಂದಿ ಮೊದ್ಲು ಟರ್ನಿಪ್ ಗಡ್ಡಿ ಕೆತ್ತಿ ದೀಪ ಇಡ್ತಿದ್ರು, ಅಮೆರಿಕಾಕ್ಕ ಹೋದ ಮ್ಯಾಲೆ ಅಲ್ಲಿ ಕುಂಬಳಕಾಯಿ ಸಿಕ್ತು, ದೊಡ್ಡದು, ಕೆತ್ತಾಕೂ ಹಗರ. ಬೈಬ್ಯಾಡ್ರಿ, ಕೆತ್ಲಿ ಬಿಡ್ರಿ, ಆದ್ರ ಕಾಯಿ ಒಳಗಿನ ತಿರುಳು ಮೊದ್ಲು ಅಡಗಿಮನಿಗೆ ಬರ್ಲಿ. ತೊಟ್ಟಿನ ಸುತ್ತ ಮುಚ್ಚಳದಂಗ ಕುಯ್ದು, ಸ್ಟೀಲ್ ಚಮಚಾದ್ಲೆ ಒಂದು ಬೆರಳು ದಪ್ಪ ಗ್ವಾಡಿ ಉಳಿಯೋ ಹಂಗ ಕೆರೀರಿ, ಪೆನ್ನಿಲೆ ಬರ್ಕೊಂಡು ಆಮ್ಯಾಲೆ ಕುಯ್ಲಿ, ಚಾಕು ದೊಡ್ಡವ್ರ ಕೈಯಾಗ. ದೆವ್ವದ ಮಾರಿನೇ ಯಾಕ ಬೇಕು, ದೀಪಾವಳಿಗೆ ಹೂವು ಬಳ್ಳಿ ಚುಕ್ಕಿ ಕೊರದು ಒಳಗ ಪಣತಿ ಇಟ್ರ ಗ್ವಾಡಿ ಮ್ಯಾಲೆ ಬೀಳೋ ಬೆಳಕು ಭಾಳ ಚಂದ ಕಾಣ್ತೈತಿ. ಪಣತಿ ಇಡೋದಾದ್ರ ಮುಚ್ಚಳ ಹಾಕಬ್ಯಾಡ್ರಿ. ನಮ್ಮ ಸೆಕಿಗೆ ಎರಡು ಮೂರು ದಿನಕ್ಕ ಬೂಸು ಹಿಡೀತೈತಿ, ಅದಕ್ಕ ಹಬ್ಬದ ಹಿಂದಿನ ದಿನ ಸಂಜಿಮುಂದ ಕೆತ್ರಿ.

ಕೆತ್ತದ ಬರೇ ಬಣ್ಣ ಹಚ್ಚಿದ್ರ ವಾರಗಟ್ಟಲೆ ಇರ್ತೈತಿ. ನಮ್ಮ ಬಾಜೂಕ ಕಿನ್ನಾಳ ಐತಿ, ಗೊಂಬಿಗೆ ಹೆಸರಾದ ಊರು, ಆ ಗೊಂಬಿಗಳ ಕೆಂಪು ಹಸರು ಹಳದಿ, ಅಂಚಿನ ಬಳ್ಳಿ ನೋಡ್ಕೊಂಡು ಹುಡುಗ್ರು ಸಣ್ಣ ಕುಂಬಳಕಾಯಿ ಮ್ಯಾಲೆ ಬರದ್ರ ಇನ್‌ಸ್ಟಾಗ್ರಾಮಿನ ಕಾಪಿ ಹೊಡಿಯೋದಕ್ಕಿಂತ ಎಷ್ಟೋ ವಾಸಿ. ಆದ್ರ ಪೇಂಟ್ ಹಚ್ಚಿದ್ದನ್ನ ಆಮ್ಯಾಲೆ ತಿನ್ನಂಗಿಲ್ಲ, ಅದಕ್ಕ ಇದಕ್ಕ ತೊಟ್ಟು ಮುರದದ್ದೋ ಸಪ್ಪಂದೋ ಕೊಡ್ರಿ.

ಮುಂದಿನ ವರ್ಷದ್ದು

ಕಾಯಿ ಸಿಹಿ ಇತ್ತಂದ್ರ ಹತ್ತು ದಪ್ಪ ಬೀಜ ತಗದಿಡ್ರಿ, ಹುರಿಯೋದ್ರೊಳಗ ಸೇರಸಬ್ಯಾಡ್ರಿ. ತೊಳದು ನೆರಳಾಗ ಒಣಗಿಸಿ ಒಲಿ ಬೂದಿ ಕಲಸಿ ಡಬ್ಬಿಗೆ ಹಾಕ್ರಿ. ಹಳೀ ಮಂದಿ ಸಗಣ್ಯಾಗ ಬೀಜ ಒತ್ತಿ ಗ್ವಾಡಿಗೆ ಬಡೀತಿದ್ರು, ಮುಂಗಾರು ಬಂದಾಗ ಕಿತ್ತು ಊರೋದು, ಹುಳ ಮುಟ್ಟತಿರ್ಲಿಲ್ಲ. ಅಂಗಡಿಯ ಹೈಬ್ರಿಡ್ ಕಾಯಿ ಬೀಜ ಹಾಕಿದ್ರ ತಾಯಿ ಕಾಯಿ ಹಂಗ ಬರೂದಿಲ್ಲ, ಒಂದು ಸಿಹಿ ಒಂದು ಸಪ್ಪ ಆಗ್ತಾವ, ಊರಿನ ಜವಾರಿದ್ದಾದ್ರ ಇಡ್ರಿ. ಜವಾರಿ ಸಿಗದವ್ರು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ರ ಅರ್ಕಾ ಚಂದನ್ ಬೀಜ ಕೇಳಿ ನೋಡ್ರಿ, ಎರಡು ಮೂರು ಕೇಜಿ ಕಾಯಿ, ಇಡೀ ಕಾಯಿ ತಂದ್ರೂ ಸಣ್ಣ ಮನಿಗೆ ಭಾರ ಆಗೂದಿಲ್ಲ. ಇನ್ನೂ ಸಣ್ಣದು ಬೇಕಂದ್ರ ಅರ್ಕಾ ಸೂರ್ಯಮುಖಿ ಐತಿ, ಒಂದು ಕೇಜಿ ಆಸುಪಾಸು ಬರ್ತೈತಿ, ಹಣ್ಣುನೊಣದ ಕಾಟಾನೂ ತಡ್ಕೊಂತೈತಿ. ಊರುವಾಗ ಒಂದು ಗುಣಿಗೆ ಎರಡೋ ಮೂರೋ ಬೀಜ, ಕೆಳಗ ಒಂದು ಬುಟ್ಟಿ ತಿಪ್ಪಿಗೊಬ್ಬರ, ಗುಣಿಯಿಂದ ಗುಣಿಗೆ ಒಂದೆರಡು ಮಾರು ಜಾಗ ಬಿಡ್ರಿ, ಬಳ್ಳಿ ಬಾಜೂ ಮನಿಯವ್ರ ಕಂಪೌಂಡ್ ಹತ್ತಿದ್ರ ಆ ಕಡಿಗಿನ ಕಾಯಿ ಯಾರಿಗೆ ಅನ್ನೋದನ್ನ ಮೊದ್ಲ ಮಾತಾಡಿಕೊಳ್ರಿ.